ಎಸ್3ವಾಸ್

ಎಸ್3ವಾಸ್ ಎಂಬುದು ಸರ್ಕಾರಿ ಜಾಲತಾಣಗಳ ರಚನೆ ಮತ್ತು ನಿರ್ವಹಣೆಗಾಗಿ ಭಾರತದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು (ಎನ್‌ಐಸಿ) ಅಭಿವೃದ್ಧಿಪಡಿಸಿರುವ ವೇದಿಕೆ. ಹೆಸರಿನಲ್ಲಿರುವ ಮೂರು 'ಎಸ್'ಗಳು ಸೆಕ್ಯೂರ್, ಸ್ಕೇಲಬಲ್ ಮತ್ತು ಸುಗಮ್ಯ ಎಂಬ ಪದಗಳನ್ನು ಸೂಚಿಸುತ್ತವೆ.

ಸ್ವರೂಪ

ಸ್ವಂತ ಜಾಲತಾಣ ನಿರ್ಮಿಸುವ ಸಂಸ್ಥೆಯು ಸಾಮಾನ್ಯವಾಗಿ ಜ್ಯಾಂಗೊ, ಲಾರಾವೆಲ್‌ನಂತಹ ಫ್ರೇಮ್‌ವರ್ಕ್ ಅಥವಾ ವರ್ಡ್‌ಪ್ರೆಸ್‌ನಂತಹ ವಿಷಯ ನಿರ್ವಹಣಾ ತಂತ್ರಾಂಶವನ್ನೂ, ಹೋಸ್ಟಿಂಗ್ ಸೇವೆಯನ್ನೂ ಪ್ರತ್ಯೇಕವಾಗಿ ಆಯ್ದುಕೊಳ್ಳಬೇಕು. ಎಸ್3ವಾಸ್‌ನಲ್ಲಿ ಇವೆರಡೂ ಮೊದಲೇ ನಿಶ್ಚಿತವಾಗಿರುತ್ತವೆ. ಪುಟಗಳು ಸಿದ್ಧ ವಿನ್ಯಾಸಗಳಿಂದ ರೂಪುಗೊಂಡು, ಎನ್‌ಐಸಿಯ ರಾಷ್ಟ್ರೀಯ ಕ್ಲೌಡ್‌ನಲ್ಲಿ ನೆಲೆಗೊಳ್ಳುತ್ತವೆ. ವಿನ್ಯಾಸಗಳು ಸರ್ಕಾರಿ ಜಾಲತಾಣಗಳ ಮಾರ್ಗಸೂಚಿಗೆ ಅನುಗುಣವಾಗಿದ್ದು, ಅಂಗವಿಕಲರ ಬಳಕೆಯನ್ನೂ ಗಮನದಲ್ಲಿರಿಸಿಕೊಂಡಿವೆ.

ಗದಗ ಜಿಲ್ಲೆಯಲ್ಲಿ ಬಳಕೆ

1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರಚನೆಯಾದ ಗದಗ ಜಿಲ್ಲೆಯ ಅಧಿಕೃತ ಜಾಲತಾಣವು ಈ ವೇದಿಕೆಯಲ್ಲಿದ್ದು, ಕನ್ನಡ ಮತ್ತು ಇಂಗ್ಲಿಷ್‌ಗಳಲ್ಲಿ ಲಭ್ಯವಿದೆ. ರೋಣ, ನರಗುಂದ ಮತ್ತು ಗಜೇಂದ್ರಗಡ ಈ ಜಿಲ್ಲೆಯ ತಾಲ್ಲೂಕುಗಳು. ಆದ್ದರಿಂದ ಜಿಲ್ಲಾ ಜಾಲತಾಣಕ್ಕಾಗಿ ಸರ್ವರ್ ಕೊಳ್ಳುವ ಅಥವಾ ತಂತ್ರಾಂಶ ಬರೆಸುವ ಹೊಣೆ ಜಿಲ್ಲಾಡಳಿತದ ಮೇಲೆ ಬೀಳುವುದಿಲ್ಲ.

ಅನುಕೂಲ ಮತ್ತು ಮಿತಿ

ಭದ್ರತಾ ದೋಷವೊಂದನ್ನು ಕೇಂದ್ರದಲ್ಲಿ ಸರಿಪಡಿಸಿದರೆ ವೇದಿಕೆಯಲ್ಲಿರುವ ತಾಣಗಳೆಲ್ಲಕ್ಕೂ ಅದರ ಪ್ರಯೋಜನ ದೊರೆಯುತ್ತದೆ. ಆದರೆ ಕೇಂದ್ರದಲ್ಲಿ ತೊಡಕುಂಟಾದರೆ ಅದರ ಪರಿಣಾಮವೂ ಹಲವು ತಾಣಗಳಿಗೆ ಒಮ್ಮೆಗೇ ತಟ್ಟಬಹುದು. ಸಿದ್ಧ ವಿನ್ಯಾಸದ ಚೌಕಟ್ಟಿಗೆ ಒಗ್ಗದ ಸ್ಥಳೀಯ ಸೇವೆಗಳಿಗೆ ಬೇರೆ ತಂತ್ರಾಂಶ ಬೇಕಾಗುತ್ತದೆ. ಅಲ್ಲದೆ ವೇದಿಕೆಯು ಪುಟವನ್ನಷ್ಟೇ ಒದಗಿಸುತ್ತದೆ. ಅಧಿಸೂಚನೆ, ಟೆಂಡರ್, ದೂರವಾಣಿ ಸಂಖ್ಯೆಗಳನ್ನು ಎರಡೂ ಭಾಷೆಗಳಲ್ಲಿ ಕಾಲಕಾಲಕ್ಕೆ ಪರಿಷ್ಕರಿಸುವ ಹೊಣೆ ಆಯಾ ಕಚೇರಿಯದೇ ಆಗಿರುತ್ತದೆ. ಕನ್ನಡ ಪುಟವನ್ನು ಪರಿಷ್ಕರಿಸದಿದ್ದರೆ, ಅದನ್ನೇ ನಂಬಿದ ಓದುಗರಿಗೆ ಹಳೆಯ ಮಾಹಿತಿಯೇ ಉಳಿಯುತ್ತದೆ.