ಚಂದ್ರನ ಕುಳಿಗಳೂ ಚಿತ್ರಕಾರನ ಕೈಯೂ

ದೂರದರ್ಶಕದಲ್ಲಿ ಚಂದ್ರಮಂಡಲವನ್ನು ನೋಡಿ, ಕಂಡುದನ್ನು ಕಂಡಂತೆಯೇ ಕಾಗದಕ್ಕೆ ಇಳಿಸುವ ವಿದ್ಯೆಗೆ ನಾಲ್ಕು ಶತಮಾನಗಳಿಗೂ ಮಿಕ್ಕ ಇತಿಹಾಸವುಂಟು. ಪ್ಯಾರಿಸ್ಸಿನಂತಹ ರಾಜಾಶ್ರಯದ ವೇಧಶಾಲೆಯಲ್ಲಿ ಕಸೀನಿಯು 1679ರಲ್ಲಿ ಪ್ರಕಟಿಸಿದ ಭವ್ಯವಾದ ನಕ್ಷೆಯನ್ನು ಬಿಟ್ಟರೆ, ಇದನ್ನು ಬೆಳೆಸಿದವರು ಬಹುಮಟ್ಟಿಗೆ ಹಗಲೆಲ್ಲ ಬೇರೊಂದು ವೃತ್ತಿಯಲ್ಲಿ ದುಡಿದು, ಇರುಳಾದ ಮೇಲೆ ಮನೆಯ ಮಾಳಿಗೆಯನ್ನೋ ತೋಟವನ್ನೋ ವೇಧಶಾಲೆಯನ್ನಾಗಿ ಮಾಡಿಕೊಂಡ ಗೃಹಸ್ಥರು. ಮಸೂರಗಳು ದೊಡ್ಡವಾದಂತೆ ಚಿತ್ರಗಳೂ ಉತ್ತಮಗೊಂಡುವೆಂದು ಸಾಮಾನ್ಯವಾಗಿ ಹೇಳುವರು. ಆ ಮಾತು ಸುಳ್ಳಲ್ಲವಾದರೂ, ಈ ವಿದ್ಯೆಯ ನಿಜವಾದ ಏಳಿಗೆಯು ಚಿತ್ರಕಾರನು ನೆರಳನ್ನು ಓದಲು ಕಲಿತುದರಲ್ಲಿಯೂ, ತಾನು ಕಾಣದುದನ್ನು ಬರೆಯದಿರಲು ಕಲಿತುದರಲ್ಲಿಯೂ ಇದೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ನೆರಳಿನ ಈ ಮಹತ್ತ್ವವನ್ನು ಮೊದಲು ಅರಿಯಬೇಕು. ಪೂರ್ಣಿಮೆಯ ರಾತ್ರಿ ನಮಗೆ ಕಾಣುವ ಚಂದ್ರಮುಖದ ಮೇಲೆ ಬಿಸಿಲು ಹೆಚ್ಚುಕಡಮೆ ನಾವು ನೋಡುವ ದಿಕ್ಕಿನಿಂದಲೇ ಬೀಳುವುದರಿಂದ, ಪರ್ವತವೂ ಕುಳಿಯೂ ತಮ್ಮ ನೆರಳನ್ನು ಕಳೆದುಕೊಂಡು, ಟೈಕೋ ಕುಳಿಯಿಂದ ಹೊರಟ ಬಿಳಿಯ ರೇಖೆಗಳೂ ಕಪ್ಪು ಬಯಲುಗಳೂ ಮಾತ್ರ ಉಳಿಯುತ್ತವೆ. ಬೆಳಕು ಕತ್ತಲೆಗಳು ಸೇರುವ ಸಂಧಿರೇಖೆಯ ಬಳಿಯಲ್ಲಾದರೋ ಸೂರ್ಯನು ಆಗತಾನೇ ಉದಯಿಸುತ್ತಿರುವುದರಿಂದ, ಅತ್ಯಲ್ಪವಾದ ದಿಬ್ಬವೂ ಉದ್ದನೆಯ ನೆರಳನ್ನು ಚಾಚಿ ತನ್ನ ಎತ್ತರವನ್ನು ತಾನೇ ಸಾರುತ್ತದೆ. ಈ ರೇಖೆಯು ಚಂದ್ರನ ವಿಷುವದ್ವೃತ್ತದಲ್ಲಿ ಗಂಟೆಗೆ ಸುಮಾರು 15 ಕಿಲೋಮೀಟರ್ ವೇಗದಿಂದ ಸರಿಯುತ್ತದೆ. ಆದ್ದರಿಂದ ಬರೆಯುವವನು ನೆರಳುಗಳ ಆಕಾರವನ್ನು ಮೊದಲು ಗುರುತಿಸಿಟ್ಟುಕೊಂಡು, ಉಳಿದ ಕೆಲಸವನ್ನು ಒಂದೆರಡು ಗಂಟೆಯೊಳಗೆ ಮುಗಿಸದೆ ಹೋದರೆ, ಚಿತ್ರದ ಒಂದು ಮೂಲೆಯಲ್ಲಿ ಒಂದು ಹೊತ್ತೂ ಇನ್ನೊಂದು ಮೂಲೆಯಲ್ಲಿ ಇನ್ನೊಂದು ಹೊತ್ತೂ ಆಗಿಬಿಡುತ್ತದೆ.

1609ರ ಬೇಸಗೆಯಲ್ಲಿ ಲಂಡನ್ನಿನ ಸಮೀಪದ ಸಯನ್ ಹೌಸಿನಲ್ಲಿ ಥಾಮಸ್ ಹ್ಯಾರಿಯಟ್ ಎಂಬ ಗಣಿತಜ್ಞನು ಆರು ಪಟ್ಟು ಹಿಗ್ಗಿಸುವ ಕೊಳವೆಯಿಂದ ಐದು ದಿನದ ಚಂದ್ರನನ್ನು ನೋಡಿ ಒಂದು ಚಿತ್ರವನ್ನು ಬರೆದನು. ದೂರದರ್ಶಕದಿಂದ ನೋಡಿ ಬರೆದ ಚಂದ್ರಚಿತ್ರಗಳಲ್ಲಿ ನಮಗೆ ದೊರೆತಿರುವ ಮೊದಲನೆಯದು ಅದೇ. ಅದರಲ್ಲಿ ಅಂಕುಡೊಂಕಾದ ಒಂದು ಸಂಧಿರೇಖೆಯೂ ಕೆಲವು ಕಲೆಗಳೂ ಇವೆಯಲ್ಲದೆ ಕುಳಿಯೆನ್ನಬಹುದಾದುದು ಒಂದೂ ಇಲ್ಲ. ಅದೇ ವರ್ಷದ ಕೊನೆಗೆ ಪಾದುವಾದಲ್ಲಿ ಗೆಲಿಲಿಯೋ ನೋಡಿದಾಗ, ಅವನ ಉಪಕರಣವು ಹೆಚ್ಚು ಪ್ರಬಲವಾಗಿದ್ದುದು ನಿಜ. ಆದರೆ ಫ್ಲಾರೆನ್ಸಿನ ಕಲೆಯ ವಾತಾವರಣದಲ್ಲಿ ಬೆಳೆದು, ಬೆಳಕು ನೆರಳುಗಳಿಂದ ವಸ್ತುವಿನ ಉಬ್ಬುತಗ್ಗುಗಳನ್ನು ತೋರುವ ಶಾಸ್ತ್ರವನ್ನು ಬಲ್ಲವನಾಗಿದ್ದುದು ಅದಕ್ಕಿಂತ ದೊಡ್ಡ ಉಪಕಾರವಾಯಿತು. ಕತ್ತಲೆಯ ಭಾಗದಲ್ಲಿ ಸಂಧಿರೇಖೆಯಿಂದ ದೂರದಲ್ಲಿ ಹೊಳೆಯುತ್ತಿದ್ದ ಬಿಂದುಗಳು ಬಿಸಿಲು ತಾಗಿದ ಶಿಖರಗಳೆಂದು ಅವನು ತಿಳಿದು, ಆ ದೂರವನ್ನು ಅಳೆದು, ರೇಖಾಗಣಿತದಿಂದ ಪರ್ವತಗಳ ಎತ್ತರವನ್ನು ಲೆಕ್ಕಹಾಕಿದನು. 1610ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಅವನ ಪುಸ್ತಕದ ಚಿತ್ರಗಳಲ್ಲಿ ಒಂದು ಕುಳಿಯು ತನ್ನ ನಿಜಪ್ರಮಾಣಕ್ಕಿಂತ ಬಹಳ ದೊಡ್ಡದಾಗಿದೆ. ತನ್ನ ವಾದಕ್ಕೆ ಬೇಕಾದುದನ್ನು ಎತ್ತಿ ತೋರಿಸಲು ಹಾಗೆ ಬರೆದಿರಬೇಕು. ಗೆಲಿಲಿಯೋವಿನ ಪುಸ್ತಕವು ಬಂದ ಮೇಲೆ ಹ್ಯಾರಿಯಟ್ಟನ ಚಿತ್ರಗಳಲ್ಲಿಯೂ ಕುಳಿಗಳು ಕಾಣಿಸಿಕೊಂಡುವೆಂಬುದು ಗಮನಾರ್ಹವಾದ ಸಂಗತಿ. ಏನನ್ನು ನೋಡಬೇಕೆಂಬುದನ್ನು ಇನ್ನೊಬ್ಬನು ಹೇಳಿಕೊಟ್ಟ ಮೇಲೆ ಕಣ್ಣು ಅದನ್ನು ಕಂಡಿತು.

ಈ ವಿದ್ಯೆಯನ್ನು ಜೀವಿತದ ವ್ರತವನ್ನಾಗಿ ಮಾಡಿಕೊಂಡವನು ಡಾನ್‌ಜಿಗ್ ನಗರದ ಹೆವೇಲಿಯಸ್. ಬಿಯರ್ ತಯಾರಿಸುವ ಮನೆತನದ ವ್ಯಾಪಾರಿಯಾದ ಆತನು ವರ್ಷಗಟ್ಟಲೆ ಚಂದ್ರನ ಕಲೆಕಲೆಯನ್ನೂ ನೋಡಿ ಬರೆದು, ಬೇರೊಬ್ಬ ಕೆತ್ತನೆಗಾರನ ಕೈಯಲ್ಲಿ ತನ್ನ ರೇಖೆಗಳು ಕೆಡಬಾರದೆಂದು ತಾಮ್ರದ ತಗಡುಗಳನ್ನು ತಾನೇ ಕೊರೆದು, 1647ರಲ್ಲಿ ‘ಸೆಲೆನೋಗ್ರಾಫಿಯಾ’ ಎಂಬ ಗ್ರಂಥವನ್ನು ಹೊರತಂದನು. ಚಂದ್ರನಿಗೇ ಮೀಸಲಾದ ಮೊದಲನೆಯ ನಕ್ಷಾಸಂಪುಟವು ಅದು. ಅದಕ್ಕೆ ಎರಡು ವರ್ಷ ಮೊದಲೇ ಲ್ಯಾಂಗ್ರೆನಸ್ಸನು, ನಾಲ್ಕು ವರ್ಷದ ಅನಂತರ ಬೊಲೊನ್ಯಾದ ರಿಚ್ಚಿಯೋಲಿಯು ನಕ್ಷೆಗಳನ್ನು ಪ್ರಕಟಿಸಿದರು. ಇಂದು ನಾವು ಕೋಪರ್ನಿಕಸ್, ಟೈಕೋ, ಪ್ಲೇಟೋ ಎಂದು ಕುಳಿಗಳನ್ನು ಕರೆಯುವುದು ರಿಚ್ಚಿಯೋಲಿಯು ಇಟ್ಟ ಹೆಸರುಗಳಿಂದ. 1665ರಲ್ಲಿ ರಾಬರ್ಟ್ ಹುಕ್ ಮಾಡಿದ್ದು ಇವರೆಲ್ಲರಿಗಿಂತ ಬೇರೆ. ಇಡೀ ಬಿಂಬವನ್ನು ಬಿಟ್ಟು ಹಿಪ್ಪಾರ್ಕಸ್ ಎಂಬ ಒಂದೇ ಕುಳಿಯನ್ನು ಹಿಡಿದು ಅವನು ವಿಸ್ತಾರವಾಗಿ ಚಿತ್ರಿಸಿದನು. ಒದ್ದೆಯಾದ ಜೇಡಿಮಣ್ಣಿನ ಮೇಲೆ ಗುಂಡುಗಳನ್ನು ಬೀಳಿಸಿಯೂ, ಕುದಿಯುವ ಅಲಬಾಸ್ಟರಿನ ಗುಳ್ಳೆಗಳನ್ನು ನೋಡಿಯೂ ಕುಳಿಗಳ ಉತ್ಪತ್ತಿಯನ್ನು ಊಹಿಸಿದನು. ಇಂದಿಗೂ ಹಿತ್ತಿಲಿನಲ್ಲಿ ಒಂದು ರಾತ್ರಿಗೆ ಒಂದೇ ಕುಳಿಯನ್ನು ಬರೆಯುವ ಹವ್ಯಾಸಿಗಳ ಮೂಲಪುರುಷನು ಹುಕ್ಕನೇ ಸರಿ.

ಹದಿನೆಂಟನೆಯ ಶತಮಾನದಲ್ಲಿ ಟೋಬಿಯಾಸ್ ಮೇಯರನು ಸೂಕ್ಷ್ಮಮಾಪಕದಿಂದ ಸ್ಥಾನಗಳನ್ನು ಅಳೆದು ಚಿತ್ರಕ್ಕೆ ಗಣಿತದ ಚೌಕಟ್ಟನ್ನು ಕೊಟ್ಟನು. ಲಿಲಿಯೆಂಥಾಲಿನ ನ್ಯಾಯಾಧಿಕಾರಿ ಶ್ರೋಟರನು ಒಂದೇ ಪ್ರದೇಶವನ್ನು ಬೇರೆಬೇರೆ ಬೆಳಕಿನಲ್ಲಿ ಮತ್ತೆ ಮತ್ತೆ ಬರೆಯುವ ಪದ್ಧತಿಯನ್ನು ರೂಢಿಗೆ ತಂದನು. ಅವನ ಕೈ ಒರಟು, ಪದ್ಧತಿಯಾದರೋ ಅಮೂಲ್ಯವಾದುದು. ಡ್ರೆಸ್ಡೆನ್ನಿನ ಭೂಮಾಪಕ ಲೋರ್ಮನ್ನನು ಹಿಡಿದ ದಾರಿಯಲ್ಲೇ ನಡೆದು, ಬ್ಯಾಂಕಿನ ಒಡೆಯನಾದ ಬೇರನೂ ಅವನ ಸ್ನೇಹಿತ ಮೇಡ್ಲರನೂ ಬರ್ಲಿನ್ನಿನಲ್ಲಿ ಬೇರನ ಮನೆಯ ಖಾಸಗಿ ವೇಧಶಾಲೆಯಿಂದ 1834ರಿಂದ 1836ರವರೆಗೆ ಪ್ರಕಟಿಸಿದ ನಕ್ಷೆಯು ಅನೇಕ ದಶಕಗಳವರೆಗೆ ಪ್ರಮಾಣಗ್ರಂಥವಾಗಿ ಉಳಿಯಿತು. ಅವರ ದೂರದರ್ಶಕದ ಮಸೂರವು 95 ಮಿಲಿಮೀಟರ್ ವ್ಯಾಸದ್ದು. ಇಂದು ಸಾಮಾನ್ಯ ವಿದ್ಯಾರ್ಥಿಯೊಬ್ಬನು ಕೊಳ್ಳಬಹುದಾದಷ್ಟು ಚಿಕ್ಕದು.

ಆದರೆ ಕಣ್ಣು ಮೋಸಹೋದ ಕಥೆಗಳೂ ಈ ಇತಿಹಾಸದಲ್ಲಿ ಇವೆ, ಅವುಗಳಿಂದ ಕಲಿಯಬೇಕಾದುದು ಬಹಳವಿದೆ. 1822ರಲ್ಲಿ ಮ್ಯೂನಿಕ್ಕಿನ ಗ್ರೂಯಿಟ್‌ಹೌಸೆನ್ ಚಂದ್ರನ ಮೇಲೆ ಸಾಲುಸಾಲಾದ ಗೋಡೆಗಳನ್ನು ಕಂಡು, ಅದನ್ನು ನಗರವೆಂದೇ ಬಗೆದು ಚಿತ್ರಿಸಿದನು. ಅಲ್ಲಿ ಇದ್ದುದು ಓರೆಬೆಳಕಿನಲ್ಲಿ ಸಾಲಾಗಿ ತೋರುವ ಸಹಜವಾದ ದಿಬ್ಬಗಳು. ಇದಕ್ಕಿಂತ ಸೂಕ್ಷ್ಮವಾದುದು ಲಿನ್ನೇ ಕುಳಿಯ ಪ್ರಸಂಗ. ಮಾರೆ ಸೆರೆನಿಟಾಟಿಸ್ ಎಂಬ ಬಯಲಿನಲ್ಲಿ ಲೋರ್ಮನ್ನನೂ ಮೇಡ್ಲರನೂ ಸುಮಾರು 10 ಕಿಲೋಮೀಟರ್ ಅಗಲದ ಆಳವಾದ ಕುಳಿಯನ್ನು ಗುರುತಿಸಿದ್ದರು. 1866ರಲ್ಲಿ ಅಥೆನ್ಸಿನ ಯೂಲಿಯಸ್ ಶ್ಮಿಟ್, ಅದು ಮಾಯವಾಗಿ ಅಲ್ಲಿ ಬಿಳಿಯ ಮಚ್ಚೆಯೊಂದೇ ಉಳಿದಿದೆಯೆಂದು ಸಾರಿದನು. ಶ್ಮಿಟ್ಟನು ಅಲ್ಪನಲ್ಲ, ಮುಂದೆ 1878ರಲ್ಲಿ 32,856 ಕುಳಿಗಳನ್ನು ತೋರಿಸುವ ನಕ್ಷೆಯನ್ನು ಒಬ್ಬನೇ ಸಿದ್ಧಪಡಿಸಿದ ಮಹಾಸಾಧಕ. ಅಂಥವನು ಹೇಳಿದ ಮಾತಾದುದರಿಂದ ಯೂರೋಪಿನ ದೂರದರ್ಶಕಗಳೆಲ್ಲ ಆ ಬಿಂದುವಿನತ್ತ ತಿರುಗಿದುವು. ಚಂದ್ರನು ಇನ್ನೂ ಜೀವಂತನೇ ಎಂಬ ಚರ್ಚೆಯು ದಶಕಗಳವರೆಗೆ ನಡೆಯಿತು. ಅಂತರಿಕ್ಷನೌಕೆಗಳು ಹತ್ತಿರದಿಂದ ತೆಗೆದ ಛಾಯಾಚಿತ್ರಗಳಲ್ಲಿ ಕಂಡುದು, ಬಿಳಿಯ ಧೂಳಿನ ಪರಿವೇಷದ ನಡುವೆ ಎರಡೂವರೆ ಕಿಲೋಮೀಟರಿಗೂ ಕಡಮೆ ಅಗಲದ, ಸ್ವಲ್ಪವೂ ಮಾಸದ ಪುಟ್ಟ ಕುಳಿ. ಬಿಸಿಲು ಓರೆಯಾಗಿದ್ದಾಗ ಗುಳಿಯಂತೆಯೂ, ಏರಿದಾಗ ಮಚ್ಚೆಯಂತೆಯೂ ಅದು ತೋರುತ್ತದೆ. ಚಂದ್ರನಲ್ಲಿ ಏನೊಂದೂ ಬದಲಾಗಿರಲಿಲ್ಲ. ಬದಿಯಲ್ಲಿ ದಿನವನ್ನೂ ವೇಳೆಯನ್ನೂ ಸೂರ್ಯನ ಎತ್ತರವನ್ನೂ ಬರೆಯದ ಚಿತ್ರವು ಸಾಕ್ಷ್ಯವಾಗಲಾರದೆಂಬ ನಿಯಮವು ಇಂತಹ ವಿವಾದಗಳಿಂದಲೇ ಗಟ್ಟಿಗೊಂಡಿತು.

ಛಾಯಾಗ್ರಹಣವು ಬಂದ ಮೇಲೆ ಕೈಯ ಕೆಲಸವು ಮುಗಿಯಿತೆಂದು ಯಾರಾದರೂ ಭಾವಿಸುವುದು ಸಹಜ. 1896ರಿಂದ ಪ್ಯಾರಿಸ್ಸಿನಲ್ಲಿ ಲೋವಿ ಮತ್ತು ಪ್ವೀಸೋ ಪ್ರಕಟಿಸಿದ ಛಾಯಾಸಂಪುಟವು ಅತ್ಯಂತ ಭವ್ಯವಾದುದೇ. ಆದರೂ ವಾಯುಮಂಡಲದ ನಡುಕದಿಂದ ಫಲಕದ ಮೇಲೆ ಸೂಕ್ಷ್ಮವಾದುದೆಲ್ಲ ಕಲಸಿಹೋಗುತ್ತಿತ್ತು. ಕಣ್ಣಾದರೋ ಗಾಳಿಯು ಕ್ಷಣಕಾಲ ನಿಶ್ಚಲವಾದಾಗ ಕಂಡುದನ್ನು ಹಿಡಿದಿಟ್ಟುಕೊಂಡು ಕೈಗೆ ಒಪ್ಪಿಸಬಲ್ಲದು. ಮನುಷ್ಯನನ್ನು ಚಂದ್ರನ ಮೇಲೆ ಇಳಿಸುವ ಸಿದ್ಧತೆಯಲ್ಲಿದ್ದ ಅಮೆರಿಕೆಯೇ 1961ರಿಂದ ಫ್ಲ್ಯಾಗ್‌ಸ್ಟಾಫಿನ ಲೋವೆಲ್ ವೇಧಶಾಲೆಯಲ್ಲಿ ಪ್ಯಾಟ್ರಿಷಿಯಾ ಬ್ರಿಡ್ಜಸ್ ಮೊದಲಾದ ಕಲಾವಿದರನ್ನು ಕೂರಿಸಿ, ಛಾಯಾಚಿತ್ರಗಳಲ್ಲಿ ಕಾಣದ ವಿವರಗಳನ್ನು 24 ಅಂಗುಲದ ದೂರದರ್ಶಕದಲ್ಲಿ ಕಣ್ಣಾರೆ ನೋಡಿ ಏರ್‌ಬ್ರಷ್ಷಿನಿಂದ ನಕ್ಷೆಗೆ ತುಂಬಿಸಿತು. ಹ್ಯಾರಿಯಟ್ಟನಿಂದ ಮೊದಲಾದ ವಿದ್ಯೆಗೆ ಇದಕ್ಕಿಂತ ಹಿರಿದಾದ ಗೌರವವು ದೊರೆತುದನ್ನು ನಾನರಿಯೆ.

ಇಂದು ಚಂದ್ರನ ಸುತ್ತಲೂ ತಿರುಗುವ ನೌಕೆಗಳು ಮೀಟರುಗಳ ಲೆಕ್ಕದಲ್ಲಿ ನೆಲವನ್ನು ತೋರಿಸುತ್ತಿರುವಾಗ, ಹಿತ್ತಿಲಿನ ಚಿತ್ರದಿಂದ ನಕ್ಷೆಗೆ ಸೇರತಕ್ಕ ಹೊಸತೇನೂ ಉಳಿದಿಲ್ಲವೆಂಬುದನ್ನು ಒಪ್ಪಲೇಬೇಕು. ಆದರೂ 1991ರಲ್ಲಿ ಇಂಗ್ಲೆಂಡಿನ ಹವ್ಯಾಸಿ ಹೆರಾಲ್ಡ್ ಹಿಲ್ ಪ್ರಕಟಿಸಿದ, ಮಸಿಯ ಚುಕ್ಕೆಗಳಿಂದ ನೆರಳನ್ನು ಕಟ್ಟಿದ ಚಿತ್ರಗಳನ್ನು ನೋಡಿದವರಿಗೆ, ದೀರ್ಘಕಾಲದ ಅಭ್ಯಾಸದಿಂದ ಪಳಗಿದ ಕಣ್ಣು ಏನನ್ನು ಕಾಣಬಲ್ಲದೆಂಬುದು ತಿಳಿಯುತ್ತದೆ. ಆ ಪಳಗುವಿಕೆಯನ್ನು ಯಾವ ನೌಕೆಯೂ ನಮ್ಮ ಪರವಾಗಿ ಮಾಡಿಕೊಡಲಾರದು.

ನಮ್ಮವರಿಗೆ ಇದರಲ್ಲಿ ಒಂದು ವಿಶೇಷವಾದ ಅನುಕೂಲವುಂಟು. ಸೂರ್ಯಚಂದ್ರರ ಅಂತರವು 12 ಅಂಶ ಹೆಚ್ಚಿದರೆ ಒಂದು ತಿಥಿ. ಸಂಧಿರೇಖೆಯೂ ಒಂದು ತಿಥಿಗೆ ಹೆಚ್ಚುಕಡಮೆ ಅಷ್ಟೇ ಅಂಶ ಸರಿಯುತ್ತದೆ. ಆದ್ದರಿಂದ ಗೋಡೆಯ ಪಂಚಾಂಗವನ್ನು ನೋಡಿಯೇ ಯಾವ ಸಂಜೆ ಯಾವ ಕುಳಿಗೆ ಸೂರ್ಯೋದಯವೆಂಬುದನ್ನು ಊಹಿಸಬಹುದು. ಶುಕ್ಲಪಕ್ಷದ ಪಂಚಮಿಯ ಸುಮಾರಿಗೆ, ಲಾವಾದಲ್ಲಿ ಅರ್ಧ ಮುಳುಗಿ ಬಿಲ್ಲಿನಂತೆ ಉಳಿದಿರುವ ಆರ್ಯಭಟ ಕುಳಿ, ಷಷ್ಠಿಗೆ ಥಿಯೋಫಿಲಸ್, ಅಷ್ಟಮಿಗೆ ಟಾಲೆಮಿಯಸ್, ಅಲ್ಫಾನ್ಸಸ್, ನವಮಿಗೆ ಪ್ಲೇಟೋ, ದಶಮಿಗೆ ಕೋಪರ್ನಿಕಸ್. ಮೂರು ನಾಲ್ಕು ಅಂಗುಲದ ದೂರದರ್ಶಕ, ದಪ್ಪ ಕಾಗದ, ಮೆದುವಾದ ಪೆನ್ಸಿಲ್, ಮಂದವಾದ ಕೆಂಪು ದೀಪ, ಇಷ್ಟಿದ್ದರೆ ಸಾಕು. ಓದುಗರು ಬರುವ ಶುಕ್ಲಪಕ್ಷದಲ್ಲಿ ಇವುಗಳಲ್ಲಿ ಒಂದೇ ಒಂದು ಕುಳಿಯನ್ನು ಆರಿಸಿಕೊಂಡು, ಕಾಗದದ ಅಂಚಿನಲ್ಲಿ ದಿನ, ವೇಳೆ, ಉಪಕರಣ, ಗಾಳಿಯ ಸ್ಥಿತಿಗಳನ್ನು ಮೊದಲು ಬರೆದು, ಆ ಬಳಿಕ ನೆರಳಿನ ಅಂಚಿನಿಂದ ಚಿತ್ರವನ್ನು ಆರಂಭಿಸಬೇಕೆಂದು ನನ್ನ ಪ್ರಾರ್ಥನೆ.