ರಾಗಿ ಉಂಡೆಯಿಂದ ರಬ್ಬರ್ ಕಪ್ಪೆಯವರೆಗೆ: ಗಾಳದ ಎರೆಯ ಕಥೆ

ಕನ್ನಡದಲ್ಲಿ ‘ಎರೆ’ ಎಂಬುದು ಬಹಳ ಹಳೆಯ ಮಾತು. ಗಾಳಕ್ಕೆ ಸಿಕ್ಕಿಸಿ ಮೀನಿಗೆ ಒಡ್ಡುವ ಆಹಾರವೇ ಎರೆ. ಎರೆಹುಳು ಎಂಬ ಹೆಸರಿನಲ್ಲಿಯೂ ಆ ಮಾತು ಕುಳಿತಿದೆ. ಗಾಳ ಹಾಕುವುದು ಕೆಲಸವಿಲ್ಲದವರ ಕಾಲಹರಣವೆಂದು ಕಡೆಗಣಿಸುವವರುಂಟು. ಆದರೆ ಎರೆಯ ಚರಿತ್ರೆಯನ್ನು ಅವಲೋಕಿಸಿದರೆ ಒಂದು ಸಂಗತಿ ಮನದಟ್ಟಾಗುತ್ತದೆ. ಆಯಾ ಕಾಲದ ಜನರ ಅಡುಗೆಮನೆಯಲ್ಲಿ, ಕಾರ್ಖಾನೆಯಲ್ಲಿ ಏನಿತ್ತೋ ಅದೇ ಎರೆಯಾಯಿತು. ಆಯಾ ಊರಿನ ನೀರು ಹೇಗಿತ್ತೋ ಅದಕ್ಕೆ ತಕ್ಕಂತೆ ಆ ಎರೆ ಫಲಿಸಿತು.

ನಮ್ಮ ನಾಡಿನಲ್ಲಿ ಈ ವಿದ್ಯೆಗೆ ರಾಜಮರ್ಯಾದೆಯೂ ಇತ್ತು. 1127ರಿಂದ 1138ರವರೆಗೆ ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ‘ಮತ್ಸ್ಯವಿನೋದ’ವೆಂಬ ಅಧ್ಯಾಯವೇ ಇದೆ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳನ್ನು ಅಲ್ಲಿ ಹೆಸರಿಸಲಾಗಿದೆ. ಯಾವ ಮೀನಿಗೆ ಹಿಟ್ಟಿನ ಉಂಡೆ, ಯಾವುದಕ್ಕೆ ಮಾಂಸ ಎಂಬ ವಿವೇಚನೆಯೂ ಉಂಟು. ಎಂಟುನೂರು ವರ್ಷಗಳಿಗೂ ಹಿಂದೆ ಒಬ್ಬ ಅರಸನು ಮೀನಿನ ರುಚಿಯನ್ನು ಇಷ್ಟು ಶ್ರದ್ಧೆಯಿಂದ ದಾಖಲಿಸಿದ್ದು ಸಾಮಾನ್ಯ ವಿಷಯವಲ್ಲ.

ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬುವನು ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥವನ್ನು ಬರೆದನು. ಅದು 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಹಿಡಿದ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಮೀನು ಇಂದಿಗೂ ಹವ್ಯಾಸಿಗಳ ಬಾಯಲ್ಲಿದೆ. ಕಾವೇರಿಯ ಈ ಮಹಾಮತ್ಸ್ಯಕ್ಕೆ ಹೆಸರುವಾಸಿಯಾದ ಎರೆ ಯಾವುದು ಗೊತ್ತೇ? ನಮ್ಮ ರಾಗಿಯೇ! ರಾಗಿಹಿಟ್ಟನ್ನು ಗಟ್ಟಿಯಾಗಿ ನಾದಿ, ಬೇಯಿಸಿ, ಮತ್ತೆ ನಾದಿ, ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ ಗಾಳವನ್ನು ಅದರೊಳಗೆ ಹುದುಗಿಸುತ್ತಿದ್ದರು. ಪರದೇಶದಿಂದ ಬೆಲೆಬಾಳುವ ಸಲಕರಣೆ ಹೊತ್ತು ಬಂದವರೂ ಕಡೆಗೆ ಮುದ್ದೆಯ ಮೊರೆಹೊಕ್ಕರು.

ಬೆಂಗಳೂರಿನ ಪೂರ್ವದ ಕೆರೆಗಳ ಕಡೆ ನಾನು ಪಾಠ ಹೇಳುತ್ತಿದ್ದ ದಿನಗಳಲ್ಲಿ ಹುಡುಗರು ಇದೇ ಪದ್ಧತಿಯನ್ನು ಚಿಕ್ಕದಾಗಿ ಅನುಸರಿಸುತ್ತಿದ್ದರು. ಬಿದಿರ ಕಡ್ಡಿ, ನೈಲಾನ್ ದಾರ, ಜೋಳದ ದಂಟಿನ ಬೆಂಡು. ಎರೆಗೆ ಎರೆಹುಳು ಇಲ್ಲವೇ ರಾತ್ರಿ ಉಳಿದ ಮುದ್ದೆ. ಸಿಗುತ್ತಿದ್ದುದು ಅಂಗೈ ಅಗಲದ ಜಿಲೇಬಿ ಮೀನು. 1952ರಲ್ಲಿ ಆಫ್ರಿಕ ಮೂಲದಿಂದ ಭಾರತಕ್ಕೆ ಬಂದ ತಿಲಾಪಿಯ ಇದೇ. “ಸಾರ್, ಮುದ್ದೆಗೆ ಸ್ವಲ್ಪ ಹುರಿಗಡಲೆ ಹಿಟ್ಟು ಕಲಸಿದ್ರೆ ಬೇಗ ಕಚ್ತದೆ” ಎಂದು ಒಬ್ಬ ಹುಡುಗ ನನಗೇ ಪಾಠ ಹೇಳಿದ್ದುಂಟು. ಪರೀಕ್ಷೆಯಲ್ಲಿ ಹಿಂದುಳಿದಿದ್ದ ಆ ಬಾಲಕ ಕೆರೆಯ ವಿದ್ಯೆಯಲ್ಲಿ ಪ್ರವೀಣನಾಗಿದ್ದ.

ಇನ್ನು ಮೃದು ಪ್ಲಾಸ್ಟಿಕ್ಕಿನ ಎರೆ. ಇದರ ಜನ್ಮವೂ ಮನೆಯಲ್ಲಿಯೇ ಆಯಿತೆಂಬುದು ಸ್ವಾರಸ್ಯಕರ. ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ರಬ್ಬರ್ ಕಾರ್ಖಾನೆಗಳ ಊರು. ಅಲ್ಲಿಯ ನಿಕ್ ಕ್ರೀಮ್ ಎಂಬ ಯಂತ್ರಕರ್ಮಿ 1949ರಲ್ಲಿ ಪತ್ನಿಯೊಡನೆ ಅಡುಗೆಮನೆಯಲ್ಲಿ ವಿನೈಲ್, ಎಣ್ಣೆ, ಬಣ್ಣಗಳನ್ನು ಕಾಯಿಸಿ, ಅಚ್ಚಿಗೆ ಹೊಯ್ದು, ಬಳುಕುವ ಎರೆಹುಳುವಿನ ಪ್ರತಿರೂಪವನ್ನು ತಯಾರಿಸಿದನು. ನಮ್ಮವರಿಗೆ ರಾಗಿ ಕೈಗೆ ಸಿಕ್ಕಂತೆ ಅವನಿಗೆ ವಿನೈಲ್ ಸಿಕ್ಕಿತು. ಇಂದಿಗೂ ವಿಧಾನ ಅದೇ. ಪಿವಿಸಿ ಪುಡಿಯನ್ನು ಮೃದುಕಾರಿ ದ್ರವದಲ್ಲಿ ಕದಡಿದಾಗ ದೊರೆಯುವ ಹಾಲಿನಂಥ ಮಿಶ್ರಣವನ್ನು ಸುಮಾರು 175 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ತಿಳಿಯಾಗುತ್ತದೆ. ಬಣ್ಣ ಬೆರೆಸಿ ಅಚ್ಚಿಗೆ ಹೊಯ್ದರೆ ಆರಿದ ಮೇಲೆ ರಬ್ಬರಿನಂತಾಗುತ್ತದೆ. ಕಾವು ಮಿತಿಮೀರಿದರೆ ಹೊರಡುವ ಹೊಗೆ ವಿಷಕಾರಿ. ಆದ್ದರಿಂದ ಅಡುಗೆಯ ಪಾತ್ರೆಯನ್ನೂ ಮುಚ್ಚಿದ ಕೋಣೆಯನ್ನೂ ಇದಕ್ಕೆ ಬಳಸಲೇಬಾರದು. ಕೊರವ ಮೀನು ಹಿಡಿಯುವ ನಮ್ಮ ಯುವಕರು ಇಂದು ಬಳಸುವ ರಬ್ಬರ್ ಕಪ್ಪೆಯೂ ಈ ಹುಳುವಿನ ಬಂಧುವೇ.

ಅಚ್ಚು ಮಾಡುವ ಕೈಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಅಚ್ಚು, ಡೈ, ಪ್ಲಾಸ್ಟಿಕ್ ಬಿಡಿಭಾಗಗಳ ಸಣ್ಣ ಕಾರ್ಖಾನೆಗಳು ಪೀಣ್ಯದಲ್ಲಿ ಸಾಲುಸಾಲಾಗಿವೆ. ಆಕ್ರನ್ನಿನ ಆ ಕರ್ಮಿಗೆ ತಿಳಿದಿದ್ದ ಕೆಲಸ ಇಲ್ಲಿಯ ಸಾವಿರಾರು ಜನರಿಗೆ ಕರತಲಾಮಲಕ. ಆದರೆ ನೀರೆಲ್ಲಿ?

ಇಲ್ಲಿ ಒಂದು ಸೂಕ್ಷ್ಮವಿದೆ. ಹಿಟ್ಟಿನ ಎರೆಯನ್ನು ಮೀನು ವಾಸನೆಯಿಂದ ಹುಡುಕುತ್ತದೆ; ಪ್ಲಾಸ್ಟಿಕ್ ಎರೆ ಮುಖ್ಯವಾಗಿ ಕಣ್ಣನ್ನು ನಂಬಿದ್ದು. ಅದು ಬಳುಕುವುದು ಮೀನಿಗೆ ಕಾಣಬೇಕಾದರೆ ನೀರು ತಿಳಿಯಾಗಿರಬೇಕು. ಬೆಳ್ಳಂದೂರು ಕೆರೆಯ ಕೋಡಿ ಹರಿದು ವರ್ತೂರು ಕೆರೆಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ದಕ್ಷಿಣ ಪಿನಾಕಿನಿಗೆ. ನಗರದ ಕೊಳಚೆಯೂ ಅದೇ ಹಾದಿ ಹಿಡಿಯಿತು. 2015ರಲ್ಲಿ ವರ್ತೂರಿನ ನೊರೆ ರಸ್ತೆಗೆ ಹಾರಿತು. ಬೆಳ್ಳಂದೂರು ಕೆರೆಯಲ್ಲಿ 2015, 2017, 2018ರಲ್ಲಿ ಬೆಂಕಿಯೇ ಕಾಣಿಸಿತು. ಇಂಥ ನೀರಿನಲ್ಲಿ ಬದುಕುವುದು ಗಾಳಿಯನ್ನು ನೇರವಾಗಿ ಉಸಿರಾಡಬಲ್ಲ ಆಫ್ರಿಕನ್ ಕ್ಯಾಟ್‌ಫಿಶ್‌ನಂಥ ಮೀನು. ಅದರ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿಯೇ ನಿಷೇಧಿಸಿದೆ.

ಕಾವೇರಿಯ ಕಥೆಯೂ ಸಂತೋಷದ್ದಲ್ಲ. ರಾಗಿ ಉಂಡೆಗೆ ಒಲಿಯುತ್ತಿದ್ದ ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು.

ಮುದ್ದೆಯ ಉಂಡೆ ಗಾಳದಿಂದ ಕಳಚಿದರೆ ಮೀನಿಗೆ ಊಟವಾಗುತ್ತದೆ. ಪ್ಲಾಸ್ಟಿಕ್ ಹುಳು ಕಳಚಿದರೆ ಕೆರೆಯ ತಳದಲ್ಲಿ ಬಹುಕಾಲ ಉಳಿಯುತ್ತದೆ, ನುಂಗಿದ ಮೀನಿನ ಹೊಟ್ಟೆಯಲ್ಲಿಯೂ ಕರಗದು. ಮನೆಯಲ್ಲಿ ಎರೆ ತಯಾರಿಸುವ ತರುಣರ ಕೌಶಲವನ್ನು ನಾನು ಮೆಚ್ಚುತ್ತೇನೆ. ಹರಿದ ತುಂಡುಗಳನ್ನು ನೀರಿಗೆ ಎಸೆಯದೆ ಮನೆಗೆ ತಂದು ಮತ್ತೆ ಕರಗಿಸಿ ಅಚ್ಚಿಗೆ ಹೊಯ್ಯಲು ಸಾಧ್ಯವಿದೆ. ಅಷ್ಟನ್ನಾದರೂ ಅವರು ಪಾಲಿಸಲಿ. ಮೀನು ಹಿಡಿಯಲು ಬರುವವನೇ ಕೆರೆಯನ್ನು ದಿನವೂ ಹತ್ತಿರದಿಂದ ನೋಡುವವನು. ನೀರಿನ ಬಣ್ಣ ಕೆಟ್ಟರೆ ಮೊದಲು ತಿಳಿಯುವುದು ಅವನಿಗೆ. ಮೊದಲು ದನಿಯೆತ್ತಬೇಕಾದವನೂ ಅವನೇ.