ಕಿಶಿ ನಿಲ್ದಾಣದ ಬೆಕ್ಕು

ಜಪಾನಿನ ವಾಕಾಯಾಮಾ ಪ್ರಾಂತ್ಯದ ಕಿಶಿ ನಿಲ್ದಾಣವೆಂದರೆ ಜನ ನೆನೆಯುವುದು ಟೋಪಿ ತೊಟ್ಟ ಬೆಕ್ಕನ್ನು. ನನಗೋ, ಆ ಬೆಕ್ಕಿಗೂ ಮುಂಚಿನ ಕಥೆಯೇ ಹೆಚ್ಚು ಹಿಡಿಸಿತು.

ವಾಕಾಯಾಮಾ ನಗರದಿಂದ ಕಿಶಿಗೆ 14.3 ಕಿಲೋಮೀಟರ್ ರೈಲುಹಾದಿ, ಅಷ್ಟೇ. 1974ರಲ್ಲಿ ವರ್ಷಕ್ಕೆ ಸುಮಾರು 36 ಲಕ್ಷವಿದ್ದ ಪ್ರಯಾಣಿಕರ ಲೆಕ್ಕ 2005ರ ಹೊತ್ತಿಗೆ 19 ಲಕ್ಷಕ್ಕೆ ಇಳಿದಿತ್ತು. ಮನೆಮನೆಗೂ ಕಾರು ಬಂದಿತ್ತಲ್ಲ! ನಷ್ಟ ತಾಳಲಾರದೆ ನಾನ್‌ಕಾಯ್ ಕಂಪನಿ ಈ ಮಾರ್ಗವನ್ನು ಕೈಬಿಡುವುದಾಗಿ 2004ರಲ್ಲಿ ತಿಳಿಸಿತು. ಕಾರು ಓಡಿಸಲಾರದ ಅಜ್ಜಿಯರು, ಶಾಲೆಗೆ ಹೋಗುವ ಮಕ್ಕಳು ಏನು ಮಾಡಬೇಕು? ಊರವರು ಸಂಘ ಕಟ್ಟಿದರು, ಚಂದಾ ಎತ್ತಿದರು. ರೈಲು ಉಳಿಯಬೇಕಾದರೆ ನಾವೇ ಹತ್ತಬೇಕು ಎಂದು ಸಾರಿದರು. ಈ ಮಾತು ನನಗೆ ಬಹಳ ಮೆಚ್ಚುಗೆಯಾಯಿತು. ಮನವಿಪತ್ರ ಬರೆದು ಸುಮ್ಮನಾಗುವುದು ಸುಲಭ, ದಿನಾ ಟಿಕೆಟ್ ಕೊಳ್ಳುವುದು ಕಷ್ಟ. ಸ್ಥಳೀಯ ಆಡಳಿತಗಳು ಹಣದ ಹೊರೆಗೆ ಹೆಗಲು ಕೊಟ್ಟವು. ದೂರದ ಓಕಾಯಾಮಾದ ಟ್ರಾಮ್ ಕಂಪನಿಯೊಂದು ಮುಂದೆ ಬಂತು. 2006ರ ಏಪ್ರಿಲ್ 1ರಿಂದ ಹೊಸ ಕಂಪನಿಯ ಕೈಯಲ್ಲಿ ರೈಲು ಓಡತೊಡಗಿತು.

ಆದರೆ ಖರ್ಚು ತಗ್ಗಿಸಲು ಕಿಶಿಯಲ್ಲಿ ಸಿಬ್ಬಂದಿಯನ್ನು ತೆಗೆದುಬಿಟ್ಟರು. ಪಕ್ಕದ ಅಂಗಡಿಯಾಕೆ ಸಾಕಿದ ಮೂರು ಬಣ್ಣದ ಬೆಕ್ಕು ತಾಮಾ. ಅದರ ಗೂಡಿನ ಜಾಗ ಹೋಗುವಂತಾದಾಗ, ನಿಲ್ದಾಣದಲ್ಲೇ ಇರಗೊಡಿ ಎಂದು ಆಕೆ ಕಂಪನಿಯ ಅಧ್ಯಕ್ಷರನ್ನು ಕೇಳಿಕೊಂಡರು. ಅವರು 2007ರ ಜನವರಿಯಲ್ಲಿ ಅದನ್ನು ಸ್ಟೇಷನ್ ಮಾಸ್ಟರನ್ನಾಗಿಯೇ ನೇಮಿಸಿದರು! ಸಂಬಳ, ಬೆಕ್ಕಿನ ತಿಂಡಿ. ಆಮೇಲೆ ಅದನ್ನು ನೋಡಲೆಂದೇ ದೂರದೂರದಿಂದ ಜನ ರೈಲು ಹತ್ತಿದರು. 2015ರ ಜೂನ್‌ನಲ್ಲಿ ತಾಮಾ ತೀರಿಕೊಂಡಾಗ ಸುಮಾರು 3000 ಮಂದಿ ಅಂತ್ಯಸಂಸ್ಕಾರದ ವಿಧಿಗೆ ಸೇರಿದ್ದರಂತೆ.

ಅಷ್ಟಾದರೂ ಮಾರ್ಗದ ನಷ್ಟ ಪೂರ್ತಿ ನೀಗಲಿಲ್ಲ. ಪ್ರವಾಸಿಗಳು ಫೋಟೋ ತೆಗೆದು ಹೊರಟುಹೋದ ಮೇಲೆ, ಮಳೆಗಾಲದ ಬೆಳಿಗ್ಗೆಯೂ ಆ ರೈಲು ಹತ್ತಬೇಕಾದವರು ಊರಿನವರೇ.